44ನೇ ವಯಸ್ಸಿನ್ಯಾಗ ಲೈಬ್ರರಿಗೆ ಕೋಹಾ (ಪುಸ್ತಕದ ಲೆಕ್ಕ ಇಡೋ, ಹುಡುಕೋ ಸಾಫ್ಟ್‌ವೇರ್) ಬಂದೈತಿ, ಯಾವ ಕಂಪ್ಯೂಟರ್ ಕೋರ್ಸ್ ಸೇರಲಿ? ಇಲ್ಲಾ ಆಪರೇಟರ್ ಹುಡುಗರಿಗೇ ಬಿಟ್ಟುಬಿಡಲೇನು?

ಬ್ಯಾಡ್ರಿ. ಕೋರ್ಸೂ ಬ್ಯಾಡ, ಹುಡುಗರಿಗೆ ಬಿಟ್ಟುಬಿಡೋದಂತೂ ಬ್ಯಾಡೇ ಬ್ಯಾಡ. ನಿಮ್ಮ ಪ್ರಶ್ನಿಯೊಳಗ ಹಾವೇರಿ ಅನ್ನೋ ನಿಮ್ಮೂರ ಹೆಸರು ತೆಗದು ಗದಗ ಅಂತ ಹಾಕಿದ್ರ ಎಂಟು ವರ್ಷದ ಹಿಂದ ನಾನೇ ಬರದಂಗ ಐತಿ. ಸ್ವಲ್ಪ ಉದ್ದ ಆಗ್ತೈತಿ, ಆದ್ರೂ ಪೂರ್ತಿ ಓದ್ರಿ.

ನಾ ಲೈಬ್ರರಿಗೆ ಬರೋಕಿಂತ ಮೊದಲ ಆರು ವರ್ಷ ಡಿಟಿಪಿ ಮಾಡಿದಾಕಿ. ಗದಗ-ಬೆಟಗೇರಿಯೊಳಗ ಪ್ರಿಂಟಿಂಗ್ ಪ್ರೆಸ್ಸಿಗೇನು ಕಡಿಮಿ ಇಲ್ಲ, ನಿಮಗೂ ಗೊತ್ತಿರಬೇಕು. ಲಗ್ನಪತ್ರಿಕಿ, ಜಾತ್ರಿ ಕರಪತ್ರ, ಸೊಸೈಟಿ ವಾರ್ಷಿಕ ವರದಿ, ಎಲ್ಲಾ ನುಡಿ ಫಾಂಟಿನ್ಯಾಗ ಕೀಬೋರ್ಡ್ ನೋಡದಂಗ ಹೊಡೀತಿದ್ದೆ. ಆಮ್ಯಾಲೆ ಲೈಬ್ರರಿ ಸೈನ್ಸ್ ಸರ್ಟಿಫಿಕೇಟ್ ಮಾಡ್ಕೊಂಡು ಒಂದು ಕಾಲೇಜಿನ ಲೈಬ್ರರಿಯೊಳಗ ಸಹಾಯಕಿ ಆದೆ. ಹದಿನೇಳು ವರ್ಷ ಕಾರ್ಡು, ರಿಜಿಸ್ಟರು, ಇಷ್ಯೂ ಚೀಟಿ, ಇಷ್ಟರಾಗ ಹೋತು. ಒಂದಿನ ಕರದು, ಕೋಹಾ ಹಾಕಸ್ತೇವಿ, ನೀವು ಅಕ್ಸೆಷನ್ ರಿಜಿಸ್ಟರ್ (ಬಂದ ಪುಸ್ತಕಕ್ಕೆಲ್ಲಾ ನಂಬರ್ ಹಾಕಿ ಬರದಿಡೋ ವಹಿ) ಪೂರ್ತಿ ಎಕ್ಸೆಲ್ಲಿಗೆ ಇಳಸ್ರಿ ಅಂದ್ರು. ಮೊದಲ ಹೆದರಿಕಿ ಬಂತು ಖರೇ, ಆದ್ರ ಟೈಪಿಂಗ್ ಅಂದಕೂಡ್ಲೆ ಧೈರ್ಯ ಆತು, ಇದು ನನ್ನ ಕೈಯಾಗಿನ ವಿದ್ಯಾ ಅಲ್ಲೇನು ಅಂತ.

ಸಾಫ್ಟ್‌ವೇರ್ ಹಾಕಾಕ ಬಂದ ಹುಡುಗಗ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ನಾ ಇನ್ನೂ ನಲವತ್ತು ಪುಸ್ತಕ ಹೊಡದಿದ್ದೆ. ಬಾಗಲದಾಗ ನಿಂತು, "ಮೇಡಂ, ಯುನಿಕೋಡ್‌ನಾಗ ಮಾಡಾಕತ್ತೀರಿ ಹೌದಿಲ್ಲೋ?" ಅಂದ.

ನಾ "ಹೂಂ" ಅಂದೆ.

ಆ ಹೂಂ ಬಗ್ಗೆ ನಾ ಭಾಳ ಸಲ ವಿಚಾರ ಮಾಡೇನಿ. ಯುನಿಕೋಡ್ ಅನ್ನೋ ಶಬ್ದ ಕಿವಿಮ್ಯಾಲೆ ಬಿದ್ದಿತ್ತು, ಅರ್ಥ ಗೊತ್ತಿರಲಿಲ್ಲ. ಫಾಂಟಿನ ಹೆಸರಿರಬೇಕು, ನಮ್ಮದೂ ಫಾಂಟೇ ಐತಿ, ಕನ್ನಡ ಚಂದಾಗಿ ಕಾಣಾಕತ್ತೈತಿ, ಮತ್ತೇನು ಅಂದ್ಕೊಂಡೆ. ಖರೇ ಕಾರಣ ಅದೂ ಅಲ್ಲ. ಮಗನ ವಯಸ್ಸಿನವನ ಮುಂದ "ಹಂಗಂದ್ರೇನಪಾ" ಅಂತ ಕೇಳಾಕ ಮನಸ್ಸು ಬರಲಿಲ್ಲ. ಅವ ಒಂದು ನಿಮಿಷ ಒಳಗ ಬಂದು ಸ್ಕ್ರೀನ್ ನೋಡಿದ್ರ, ಅಥವಾ ನಾ ಆ ಎರಡು ಶಬ್ದ ಕೇಳಿದ್ರ, ನಲವತ್ತು ಪುಸ್ತಕದಾಗ ಮುಗೀತಿತ್ತು. ಅವ ಹೋದ. ನಾ ದಿನಕ್ಕ ಇಪ್ಪತ್ತು ಪುಸ್ತಕದಂಗ ಹದಿನಾಲ್ಕು ತಿಂಗಳು ಹೊಡದೆ. ಹತ್ರ ಹತ್ರ 6,200 ಪುಸ್ತಕ.

ಇನ್ನ ಒಂದು ಹೇಳಲೇಬೇಕು. ಎಕ್ಸೆಲ್‌ನಾಗ ಮ್ಯಾಲೆ ಒಂದು ಉದ್ದನ್ನ ಬಿಳಿ ಪಟ್ಟಿ ಇರ್ತೈತಲ್ರಿ, ಫಾರ್ಮುಲಾ ಬಾರ್ ಅಂತಾರ. ಕೆಳಗ ಖಾನೆಯೊಳಗ ನಾ ಹೊಡದಿದ್ದು ಚಂದನ್ನ ಕನ್ನಡ, ಮ್ಯಾಲೆ ಆ ಪಟ್ಟಿಯೊಳಗ ಅದೇ ಹೆಸರು ಇಂಗ್ಲಿಷ್ ಅಕ್ಷರ, ಅವುಗಳ ತಲಿ ಮ್ಯಾಲೆ ಗೀಟು, ಚುಕ್ಕಿ, ಪೌಂಡಿನ ಚಿಹ್ನಿ, ಏನೇನೋ. ಹದಿನಾಲ್ಕು ತಿಂಗಳು ದಿನಾ ಅದು ನನ್ನ ಕಣ್ಣ ಮುಂದೇ ಇತ್ತು. ಕಂಪ್ಯೂಟರಿನ ಒಳಗಿನ ಭಾಷಾ ಇರಬೇಕು, ನಮಗ್ಯಾಕ ಅಂತ ಬಿಟ್ಟೆ.

ಆಮ್ಯಾಲೆ ತಿಳೀತು ಅದು ಏನಂತ. ಹಳೇ ಫಾಂಟಿನ್ಯಾಗ ನಿಮಗ "ಕ" ಅಂತ ಕಾಣೋ ಜಾಗದಾಗ ಖರೇ ಕುಂತಿರೋದು ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲಿ ಮ್ಯಾಲೆ ಗೀಟಿರೋ ಎ. ಫಾಂಟ್ ಏನ್ ಮಾಡ್ತೈತಂದ್ರ ಆ ಎರಡಕ್ಕೂ "ಕ"ದ ಚಿತ್ರ ಹೊದಸ್ತೈತಿ, ಅಷ್ಟ. ಬಯಲಾಟದಾಗ ವೇಷ ಹಾಕಿದಂಗ. ಕಾಗದದ ಮ್ಯಾಲೆ ಅಚ್ಚು ಹೊಡ್ಯಾಕ ವೇಷ ಸಾಕು, ಲಗ್ನಪತ್ರಿಕಿಯೊಳಗ ಯಾರೂ ಹುಡುಕಾಟ ಮಾಡಂಗಿಲ್ಲ, ಅದಕ್ಕ ಪ್ರೆಸ್ಸಿನವ್ರು ಇನ್ನೂ ಅದನ್ನ ಬಳಸ್ತಾರ, ಅವ್ರದು ತಪ್ಪಲ್ಲ, ಫಾಂಟಿಂದೂ ತಪ್ಪಲ್ಲ. ಆದ್ರ ವೆಬ್ಬಿನ್ಯಾಗ ಆ ಫಾಂಟ್ ಇರಂಗಿಲ್ಲ, ವೇಷ ಕಳಚಿ ಬೀಳ್ತೈತಿ. ಯುನಿಕೋಡ್ ಅಂದ್ರ ಫಾಂಟ್ ಅಲ್ಲ, ಕನ್ನಡದ ಒಂದೊಂದು ಅಕ್ಷರಕ್ಕೂ ಜಗತ್ತಿನ ಎಲ್ಲಾ ಕಂಪ್ಯೂಟರ್ ಒಪ್ಪಿದ ಒಂದೊಂದು ಸ್ವಂತ ನಂಬರ್. "ಕ" ಹೊಡದ್ರ ಒಳಗೂ "ಕ"ನ ಇರ್ತೈತಿ. ಎಲ್ಲಕ್ಕಿಂತ ಹೊಟ್ಟಿ ಉರದಿದ್ದು ಯಾವಾಗಂದ್ರ, ನುಡಿಯೊಳಗ ಯುನಿಕೋಡ್‌ಗೆ ಬದಲಿ ಮಾಡ್ಕೊಳ್ಳೋ ಆಯ್ಕಿ ಆಗಲೇ ಇತ್ತು ಅಂತ ಗೊತ್ತಾದಾಗ. ಕೀಲಿಮಣೆ ಅದೇ, ಬೆರಳು ಹೋಗೋ ಜಾಗ ಅದೇ. ಒಂದು ಕ್ಲಿಕ್ ಮಾಡಿದ್ರ ಮುಗೀತಿತ್ತು.

ಇದು ಹೊರಗ ಬಿದ್ದಿದ್ದು ನ್ಯಾಕ್ ತಂಡ, ಅಂದ್ರ ಕಾಲೇಜಿನ ಗುಣಮಟ್ಟ ನೋಡಿ ದರ್ಜೆ ಕೊಡೋ ತಂಡ, ಬರೋ ಹಿಂದಿನ ವಾರ. ಹುಡುಗ ಎಕ್ಸೆಲ್ ಪೂರ್ತಿ ಕೋಹಾಕ್ಕ ಏರಿಸಿದ್ದ, ಕೌಂಟರ್ ಹತ್ರ ಓದುಗರು ಹುಡುಕಾಕ ಒಂದು ಕಂಪ್ಯೂಟರ್ ಇಟ್ಟಿದ್ವಿ. ಕನ್ನಡ ವಿಭಾಗದ ಮೇಡಂ ಬಂದು ಎಲ್ಲಾರ ಮುಂದ "ಬೇಂದ್ರೆ" ಅಂತ ಹೊಡದ್ರು. ಒಂದೂ ಬರಲಿಲ್ಲ. ಧಾರವಾಡದಿಂದ ಎರಡು ತಾಸಿನ ದಾರಿಯಾಗಿರೋ ಲೈಬ್ರರಿ, ಬೇಂದ್ರೆ ಪುಸ್ತಕ ಒಂದು ರ್‍ಯಾಕ್ ತುಂಬ ಇಟ್ಕೊಂಡು, ಸ್ಕ್ರೀನಿನ ಮ್ಯಾಲೆ ಸೊನ್ನಿ. ಪ್ರಿನ್ಸಿಪಾಲರು ಏನೂ ಅನ್ಲಿಲ್ಲ, ನನ್ನ ಮುಖ ಒಮ್ಮೆ ನೋಡಿದ್ರು. ಅವತ್ತು ಸಂಜಿಕ ಮನಿಗೆ ಹೋಗಿ ರೊಟ್ಟಿ ಬಡೀಲಿಲ್ಲ ನಾನು, ಸುಮ್ನ ಕುಂತುಬಿಟ್ಟೆ.

ಕನ್ವರ್ಟರ್ ಇರ್ತಾವ, ಹಳೇ ಫಾಂಟಿಂದ ಯುನಿಕೋಡ್‌ಗೆ ತಿರಗಸ್ತಾವ ಅಂತ ಹುಡುಗನೇ ಹೇಳಿದ. ಹೌದು, ಇರ್ತಾವ, ಪುಗಸಟ್ಟೆ ಸಿಗ್ತಾವ, ಹತ್ತು ನಿಮಿಷದಾಗ ಸಾವಿರಾರು ಸಾಲು ತಿರಗಸ್ತಾವ. ಆದ್ರ ಅದಕ್ಕ ಯಾವುದು ವೇಷ, ಯಾವುದು ಖರೇ ಇಂಗ್ಲಿಷ್ ಅಂತ ಹೆಂಗ ಗೊತ್ತಾಗಬೇಕು? ಇಂಗ್ಲಿಷ್ ಪುಸ್ತಕದ ಹೆಸರು, ಪ್ರಕಾಶಕರ ಹೆಸರು, ಎಲ್ಲಾ ಅರ್ಥ ಇಲ್ಲದ ಕನ್ನಡ ಆಗಿ ಕುಂತ್ವು. ಅಕ್ಸೆಷನ್ ನಂಬರಿನ ಅಂಕಿ ಕನ್ನಡ ಅಂಕಿ ಆದ್ವು. ಇಷ್ಟು ಸಾಲದು ಅಂತ ನನ್ನದೇ ಇನ್ನೊಂದು ಹಳೇ ಚಾಳಿ ಹೊರಗ ಬಂತು: ಡಿಟಿಪಿಯೊಳಗ ಅವಸರಕ್ಕ ಅನುಸ್ವಾರದ ಜಾಗದಾಗ ಸೊನ್ನಿ ಅಂಕಿ ಹೊಡೀತಿದ್ವಿ, ಎರಡೂ ದುಂಡಗ, ಕಾಗದದ ಮ್ಯಾಲೆ ಯಾರಿಗೂ ಗೊತ್ತಾಗಂಗಿಲ್ಲ. ಕಂಪ್ಯೂಟರಿಗೆ ಗೊತ್ತಾಗ್ತೈತಿ. "ಬೇಂದ್ರೆ" ಒಳಗಿನ ಆ ದುಂಡನ್ನದು ಅಂಕಿ ಆಗಿದ್ರ, ಅದು ಬೇಂದ್ರೆ ಅಲ್ಲ, ಮುಗೀತು. ಹಿಂಗಾಗಿ ಪುಸ್ತಕ ಒಂದೊಂದ ಕೈಯಾಗ ಹಿಡದು, ರ್‍ಯಾಕಿನ ಮುಂದ ಸ್ಟೂಲ್ ಹಾಕ್ಕೊಂಡು ತಿದ್ದಿದೆ. ಏಳು ತಿಂಗಳು.

ಆ ಏಳು ತಿಂಗಳದಾಗ ನಾ ಕಲ್ತಿದ್ದು ಯಾವ ಕೋರ್ಸಿನ್ಯಾಗೂ ಇಲ್ಲ, ಅದಕ್ಕ ನಿಮಗ ಕೋರ್ಸ್ ಬ್ಯಾಡ ಅನ್ನೋದು. ಒಮ್ಮೆ ಶನಿವಾರ ಧಾರವಾಡಕ್ಕ ಬಸ್ ಹತ್ತಿ ಒಬ್ರು ನಿವೃತ್ತ ಗ್ರಂಥಪಾಲಕರನ್ನ ಭೇಟಿ ಆದೆ, ಎಲ್ಲಾ ಕೇಳಿಸ್ಕೊಂಡ್ರು, ಚಾ ಕೊಟ್ರು, ಹೇಳಿದ್ದು ಇಷ್ಟ: ಬರೇ ಹತ್ತು ಪುಸ್ತಕ ತಗೊ, ಅವನ್ನ ರಿಜಿಸ್ಟರಿಂದ ಹುಡುಕೋ ಸ್ಕ್ರೀನಿನತನಕ ಒಯ್ಯಿ, ಓದುಗರು ಹೆಂಗ ಕೇಳ್ತಾರೋ ಹಂಗ ಹುಡುಕು, ಹತ್ತೂ ಸಿಕ್ರ ಹನ್ನೊಂದನೇದು ಮುಟ್ಟು. ನೀವೂ ಹಿಂಗ ಮಾಡ್ರಿ. ಹತ್ತರಾಗ ಎರಡು ಇಂಗ್ಲಿಷ್ ಇರಲಿ, ಒಂದು ಕಾವ್ಯನಾಮದ್ದು ಇರಲಿ, ಒಂದು ಎರಡು ಸಂಪುಟದ್ದು, ಒಂದು ಹೆಸರಿನ ಪುಟಾನೇ ಹರದುಹೋಗಿದ್ದು. ತಪ್ಪೆಲ್ಲಾ ಅಲ್ಲೇ ಹೊರಗ ಬರ್ತಾವ.

ಈಗ ಹುಡುಗರ ಮಾತು. ನಿಮ್ಮ ಪ್ರಶ್ನಿಯೊಳಗ "ಅವರಿಗೆ ಟೆಕ್ನಾಲಜಿ ಗೊತ್ತು, ನಮಗ ಗೊತ್ತಿಲ್ಲ" ಅಂತ ಬರದೀರಿ. ನಾ ಇದನ್ನ ಒಪ್ಪಂಗಿಲ್ಲ. ನಾ ತಿದ್ದೋ ಮುಂದ ಸಹಾಯಕ್ಕ ಇಬ್ರು ಹುಡುಗರನ್ನ ಕೊಟ್ಟಿದ್ರು, ಚುರುಕು, ಪ್ರಾಮಾಣಿಕ, ನನಗಿಂತ ಜೋರು ಟೈಪ್ ಮಾಡ್ತಿದ್ರು. ಅವ್ರು ದ.ರಾ. ಬೇಂದ್ರೆ ಒಬ್ಬ ಲೇಖಕ, ಅಂಬಿಕಾತನಯದತ್ತ ಇನ್ನೊಬ್ಬ ಲೇಖಕ ಅಂತ ಹಾಕಿದ್ರು. ವಿನಾಯಕ ಬ್ಯಾರೆ, ವಿ.ಕೃ. ಗೋಕಾಕ ಬ್ಯಾರೆ. ಆನಂದಕಂದ ಬ್ಯಾರೆ, ಬೆಟಗೇರಿ ಕೃಷ್ಣಶರ್ಮ ಬ್ಯಾರೆ. ಶ್ರೀರಂಗ ಬ್ಯಾರೆ, ಆದ್ಯ ರಂಗಾಚಾರ್ಯ ಬ್ಯಾರೆ. ಒಂದೊಂದು ಜೋಡಿನೂ ಒಬ್ಬರದೇ ಹೆಸರು, ಒಂದು ಕಾವ್ಯನಾಮ, ಆದ್ರ ಪುಸ್ತಕದ ಮ್ಯಾಲೆ ಹಂಗೇ ಇತ್ತು, ಹಂಗೇ ಹೊಡದ್ರು, ಅವರ ತಪ್ಪೇನೈತಿ? ಇವ್ರಿಬ್ರೂ ಒಬ್ಬರೇ ಅಂತ ಕೋಹಾಕ್ಕ ಹೇಳಾಕ ಜಾಗ ಐತಿ, ಅಥಾರಿಟಿ ರೆಕಾರ್ಡ್ ಅಂತಾರ, 100ನೇ ಸಾಲಿನ್ಯಾಗ ಮುಖ್ಯ ಹೆಸರು, 400ರಾಗ ಉಳಿದ ಹೆಸರು. ಹಳೇ ಕಾರ್ಡಿನ್ಯಾಗ ನಾವು "ನೋಡಿ: ಬೇಂದ್ರೆ" ಅಂತ ಬರೀತಿದ್ವಲ್ಲ, ಅದೇ. ಯಾರಿಗೆ ಯಾವ ಹೆಸರು ಅನ್ನೋದು ಮಾತ್ರ ಹದಿನೇಳು ವರ್ಷ ಕೌಂಟರಿನ್ಯಾಗ ಕುಂತವರಿಗೆ ಗೊತ್ತು. ನೀವು ಬಿಟ್ಟುಕೊಟ್ರ ನಿಮ್ಮ ಲೈಬ್ರರಿಯೊಳಗ ಬೇಂದ್ರೆ ಇಬ್ಬರಾಗಿ ಉಳೀತಾರ, ವಿನಾಯಕ ಅಂತ ಕೇಳ್ಕೊಂಡು ಬಂದ ಹುಡುಗಿ ಖಾಲಿ ಕೈಲೆ ವಾಪಸ್ ಹೋಗ್ತಾಳ.

ಮತ್ತ ಕೋಹಾ ಅಂದ್ರ ಯಾವುದೋ ದೊಡ್ಡ ಕಂಪನಿ ತಮಗಾಗಿ ಮಾಡ್ಕೊಂಡಿದ್ದಲ್ಲ. ನ್ಯೂಜಿಲೆಂಡಿನ ಹೊರೊವೆನುವಾ ಅನ್ನೋ ಕಡೆ ಲೈಬ್ರರಿಯವ್ರ ಹಳೇ ಸಾಫ್ಟ್‌ವೇರ್ 2000ನೇ ಇಸವಿ ದಾಟಂಗಿಲ್ಲ ಅಂತ ಗೊತ್ತಾಗಿ, 1999ರಾಗ ಹೊಸಾದು ಬರೆಸ್ಕೊಂಡು, 2000ದ ಜನವರಿಯೊಳಗ ಶುರು ಮಾಡಿ ಜಗತ್ತಿಗೆಲ್ಲಾ ಬಿಟ್ಟಿ ಕೊಟ್ರು. ಮಾವೊರಿ ಭಾಷಾದಾಗ ಕೋಹಾ ಅಂದ್ರ ಕಾಣಿಕಿ. ಅವ್ರೂ ಪುಸ್ತಕ ಕೊಟ್ಟು ಪುಸ್ತಕ ಇಸ್ಕೊಳ್ಳೋ ಮಂದೀನೇ. ಕೋಹಾದೊಳಗ ಸಾಲಿಗೆಲ್ಲಾ ನಂಬರ್ ಇರ್ತಾವ, 245 ಅಂದ್ರ ಪುಸ್ತಕದ ಹೆಸರು, 020 ಅಂದ್ರ ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್), 082 ಅಂದ್ರ ಡ್ಯೂಯಿ ನಂಬರ್ (ವಿಷಯದ ವರ್ಗ ಸಂಖ್ಯೆ), ಇವೆಲ್ಲಾ ನಿಮ್ಮ ಕಾರ್ಡಿನ ಮ್ಯಾಲೆ ಇದ್ದಿದ್ದೇ. ಅಭ್ಯಾಸ ಮಾಡಾಕ ಡೆಮೊ ಕೋಹಾ ಇಂಟರ್ನೆಟ್ಟಿನ್ಯಾಗ ಐತಿ, ಅಲ್ಲಿ ಕೆಡಿಸಿದ್ರೂ ಯಾರದೂ ಏನೂ ಹೋಗಂಗಿಲ್ಲ, ದಿನಾ ಅರ್ಧ ತಾಸು ಕೆಡಸ್ರಿ.

ಎಕ್ಸೆಲ್ಲಿಂದ ಎರಡು ಎಚ್ಚರ, ನನ್ನಂಗ ಆಗಬಾರದು ಅಂತ. 13 ಅಂಕಿಯ ಐಎಸ್‌ಬಿಎನ್ ಹೊಡ್ಯೋಕಿಂತ ಮೊದಲ ಆ ಕಾಲಮ್ಮನ್ನ ಟೆಕ್ಸ್ಟ್ ಅಂತ ಮಾಡ್ರಿ, ಇಲ್ಲಾಂದ್ರ ಅದು 9.78ರ ಮುಂದ ಏನೋ ಗುಣಾಕಾರದಂಗ ತೋರಸ್ತೈತಿ, ಹಂಗೇ ಸಿಎಸ್‌ವಿ (ಬರೇ ಅಕ್ಷರ-ಅಂಕಿ ಇರೋ ಸಾದಾ ಫೈಲ್) ಮಾಡಿ ಸೇವ್ ಮಾಡಿದ್ರ ಉಳಿದ ಅಂಕಿ ಹೋಗೇಬಿಡ್ತಾವ. ಸೇವ್ ಮಾಡೋ ಮುಂದ ಬರೇ ಸಿಎಸ್‌ವಿ ಆರಿಸಬ್ಯಾಡ್ರಿ, ಸಿಎಸ್‌ವಿ ಯುಟಿಎಫ್-8 ಅಂತ ಇರ್ತೈತಿ, ಅದನ್ನ ಆರಿಸ್ರಿ. ಇಲ್ಲಾಂದ್ರ ನಿಮ್ಮ ಯುನಿಕೋಡ್ ಕನ್ನಡಾನೂ ಪ್ರಶ್ನಾರ್ಥಕ ಚಿಹ್ನಿ ಆಗ್ತೈತಿ. ಇನ್ನ ಯಾರರೆ ಬಂದು, ಅಮೇರಿಕಾದ ಲೈಬ್ರರಿ ಆಫ್ ಕಾಂಗ್ರೆಸ್ಸಿಂದ ರೆಕಾರ್ಡ್ ಇಳಿಸ್ಕೊಂಡುಬಿಡ್ರಿ, ಟೈಪ್ ಮಾಡೋದೇ ಬ್ಯಾಡ ಅಂತಾರ. ಇಂಗ್ಲಿಷ್ ಪುಸ್ತಕಕ್ಕ ಮಾಡ್ರಿ, ಭಾಳ ಕೆಲಸ ಉಳೀತೈತಿ. ಕನ್ನಡದ್ದು ಅಲ್ಲಿ ಹೆಚ್ಚಾಗಿ ಇಂಗ್ಲಿಷ್ ಲಿಪಿಯೊಳಗ ಅಕ್ಷರದ ಕೆಳಗ ಮ್ಯಾಲೆ ಚುಕ್ಕಿ ಗೀಟು ಇಟ್ಟು ಬರದಿರ್ತಾರ, ನಿಮ್ಮ ಓದುಗರು ಹಂಗ ಹುಡುಕಂಗಿಲ್ಲ. ಕನ್ನಡ ನೀವೇ ಕನ್ನಡದಾಗ ಹೊಡೀರಿ. ಟೈಪಿಂಗ್ ಬರಂಗಿಲ್ಲ ಅಂದ್ರ ಮೊಬೈಲಿನ್ಯಾಗ ಮೈಕ್ ಒತ್ತಿ ಬಾಯಿಲೆ ಹೇಳ್ರಿ, ಅದು ಯುನಿಕೋಡ್‌ನಾಗೇ ಬರೀತೈತಿ, ಆಮ್ಯಾಲೆ ತಿದ್ಕೊಂಡ್ರಾತು.

ಗ್ರಂಥಾಲಯ ವಿಜ್ಞಾನದ ರಂಗನಾಥನ್ ಅವರ ಐದು ಸೂತ್ರ ನಾವೆಲ್ಲಾ ಪರೀಕ್ಷಾಕ್ಕ ಬಾಯಿಪಾಠ ಮಾಡಿದ್ವಿ, 1931ರದ್ದು. ನಾಲ್ಕನೇದು, ಓದುಗರ ಸಮಯ ಉಳಿಸ್ರಿ ಅನ್ನೋದು, ನನಗ ಅರ್ಥ ಆಗಿದ್ದು ಆ ಸ್ಟೂಲಿನ ಮ್ಯಾಲೆ ಕುಂತಾಗ. ಮೊದಲ ಒಂದು ಪುಸ್ತಕ ಐತೋ ಇಲ್ಲೋ ಅಂತ ಹೇಳಾಕ ನಾನೇ ಬೇಕಿತ್ತು, ನಾ ರಜಾ ಇದ್ರ ಹುಡುಗರು ಸುಮ್ನ ಹೋಗ್ತಿದ್ರು. ಈಗ ರೋಣದಿಂದ ಬಸ್ಸಿಗೆ ಬರೋ ಹುಡುಗಿ ಮನಿಯಾಗೇ ಮೊಬೈಲಿನ್ಯಾಗ ನೋಡಿ, ಐತಿ ಅಂದ್ರ ಅಷ್ಟ ಬರ್ತಾಳ. ನ್ಯಾಕಿಗೂ ಪ್ರಿನ್ಸಿಪಾಲರಿಗೂ ಅಲ್ಲ, ನಾ ತಿದ್ದಿದ್ದು ಆಕಿಗೆ.

ನಾಳೆ ಮುಂಜಾನಿ ಕೆಲಸಕ್ಕ ಹೋದಕೂಡ್ಲೆ, ನಿಮ್ಮಲ್ಲೆ ಈಗಾಗ್ಲೇ ಯಾರರೆ ಹೊಡದಿಟ್ಟ ಎಕ್ಸೆಲ್ ಫೈಲ್ ಇದ್ರ ತಗೀರಿ. ಒಂದು ಕನ್ನಡ ಹೆಸರಿನ ಮ್ಯಾಲೆ ಕ್ಲಿಕ್ ಮಾಡಿ, ಕೆಳಗ ನೋಡಬ್ಯಾಡ್ರಿ, ಮ್ಯಾಲಿನ ಪಟ್ಟಿ ನೋಡ್ರಿ. ಅಲ್ಲಿ ಕನ್ನಡಾನೇ ಇದ್ರ ಚಲೋ ಆತು. ಇಂಗ್ಲಿಷ್ ಅಕ್ಷರ ಮತ್ತ ಗೀಟು ಕಂಡ್ರ ಎಷ್ಟು ಸಾಲು ಆಗ್ಯಾವ ಅಂತ ಎಣಿಸಿ ಇಲ್ಲೇ ಕೆಳಗ ಬರೀರಿ, ಕನ್ವರ್ಟರಿಗೆ ಹಾಕೋಕಿಂತ ಮೊದಲ ಇಂಗ್ಲಿಷ್ ಸಾಲು ಮತ್ತ ನಂಬರಿನ ಕಾಲಮ್ ಹೆಂಗ ಬ್ಯಾರೆ ಮಾಡಬೇಕು ಅಂತ ಹೇಳ್ತೇನಿ.