ಕ್ರೋಮ್‌ನಲ್ಲಿ ಕನ್ನಡ ಟೈಪಿಂಗ್ ಪ್ಲಗಿನ್ ಪದೇ ಪದೇ ಕ್ರ್ಯಾಶ್ ಆಗುತ್ತಿದೆ. ಎರಡು ಸಲ ತೆಗೆದು ಮತ್ತೆ ಹಾಕಿದರೂ ಅದೇ ಕಥೆ. ಏನು ಮಾಡಲಿ?

ದಯವಿಟ್ಟು ಮೂರನೇ ಸಲ ತೆಗೆಯಬೇಡಿ. ಪ್ಲಗಿನ್ ರಿಮೂವ್ ಮಾಡಿದರೆ ಅದು ಕಂಪ್ಯೂಟರಿನಲ್ಲಿ ಉಳಿಸಿಟ್ಟದ್ದೂ ಅದರ ಜೊತೆಗೇ ಹೋಗುತ್ತದೆ. ನನಗೂ ಇದೇ ತೊಂದರೆ ಬಂದು ತೆಗೆದಾಗ, ನಾನು ಸೇರಿಸಿಟ್ಟಿದ್ದ ಊರು, ಅಡ್ಡಹೆಸರುಗಳ ಪಟ್ಟಿ ಹಾಗೇ ಹೋಯಿತು. ಕಾಯಿಲೆ ಮಾತ್ರ ಉಳಿಯಿತು. ಸುಮ್ನೆ ಆಫ್ ಮಾಡಿ ಆನ್ ಮಾಡಿದರೆ ಏನೂ ಹೋಗುವುದಿಲ್ಲ.

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಇಲ್ಲಿನ ನಮ್ಮ ಕನ್ನಡ ಬಳಗದ ತಿಂಗಳ ಪತ್ರಿಕೆ ಟೈಪ್ ಮಾಡುವ ಕೆಲಸ ನನಗೆ ಗಂಟುಬಿದ್ದಿದೆ. 4 ಜಿಬಿ ಮೆಮೊರಿಯ ಹಳೇ ಲ್ಯಾಪ್‌ಟಾಪ್. ನಾಲ್ಕು ಸಾಲು ಹೊಡೆಯುವಷ್ಟರಲ್ಲಿ ಮೂಲೆಯಲ್ಲಿ 'ಕ್ರ್ಯಾಶ್ ಆಗಿದೆ' ಅನ್ನುವ ಗುಳ್ಳೆ. ಸ್ಟೇಷನ್ ಹತ್ತಿರದ ರಿಪೇರಿಯವರು ಮರಾಠಿಯಲ್ಲಿ 'ಫಾರ್ಮ್ಯಾಟ್ ಮಾರಾವಂ ಲಾಗೇಲ' ಅಂದರು, ಅಂದರೆ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕಂತೆ. ಎಲ್ಲ ರೋಗಕ್ಕೂ ಅದೊಂದೇ ಕಷಾಯ!

ಮೊದಲು ಕ್ರ್ಯಾಶ್ ಆಗುತ್ತಿರುವುದು ಯಾವುದು ಅಂತ ನೋಡಿ. ಮೂಲೆಯಲ್ಲಿ ಗುಳ್ಳೆ ಬಂದರೆ ಬಿದ್ದದ್ದು ಪ್ಲಗಿನ್. ಇಡೀ ಪುಟವೇ ಹೋಗಿ 'ಆ, ಸ್ನ್ಯಾಪ್' ಅಂತ ಬಂದರೆ ಬಿದ್ದದ್ದು ಆ ಪುಟ. ಇನ್ನು, ಎಕ್ಸ್‌ಟೆನ್ಶನ್ ಪುಟದಲ್ಲಿ (ಪ್ಲಗಿನ್ನಿಗೆ ಕ್ರೋಮ್ ಇಟ್ಟ ಹೆಸರು ಎಕ್ಸ್‌ಟೆನ್ಶನ್) ಸರ್ವಿಸ್ ವರ್ಕರ್, ಅಂದರೆ ಪ್ಲಗಿನ್ನಿನ ತೆರೆಮರೆಯ ಭಾಗ, 'ಇನ್ಆಕ್ಟಿವ್' ಅಂತ ಕಂಡರೆ ಗಾಬರಿ ಬೇಡ. ಅರ್ಧ ನಿಮಿಷ ಕೆಲಸ ಇಲ್ಲದಿದ್ದರೆ ಕ್ರೋಮ್ ಅದನ್ನು ಮಲಗಿಸುತ್ತದೆ, ಕೆಲಸ ಬಂದಾಗ ಎಬ್ಬಿಸುತ್ತದೆ.

ಗುಳ್ಳೆಯೇ ಆದರೆ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾರು ಎಷ್ಟು ಮೆಮೊರಿ ತಿನ್ನುತ್ತಿದ್ದಾರೆ ಅಂತ ಅಲ್ಲಿ ಕಾಣುತ್ತದೆ. ಅದನ್ನು ತೆರೆದಿಟ್ಟುಕೊಂಡೇ ಟೈಪ್ ಮಾಡಿ. ನನ್ನ ಟೈಪಿಂಗ್ ಪ್ಲಗಿನ್ನಿನ ಅಂಕಿ ಪ್ರತಿ ಪದಕ್ಕೂ ಏರುತ್ತಿತ್ತು, ಇಳಿಯುತ್ತಲೇ ಇರಲಿಲ್ಲ.

ಹಾಗಂತ ತಪ್ಪು ಅದರದೇ ಅಂತಲ್ಲ. ಅದೊಂದನ್ನು ಬಿಟ್ಟು ಉಳಿದ 16 ಪ್ಲಗಿನ್ನುಗಳನ್ನೂ ಆಫ್ ಮಾಡಿದೆ. ಒಂದು ಗಂಟೆ ಟೈಪ್ ಮಾಡಿದರೂ ಏನೂ ಆಗಲಿಲ್ಲ. (16 ಯಾಕೆ ಬೇಕಿತ್ತು ಅಂತ ಕೇಳಬೇಡಿ.) ಆಮೇಲೆ ಎಂಟು ಆನ್ ಮಾಡಿದೆ, ತೊಂದರೆ ಬಂತು. ಅದರಲ್ಲಿ ನಾಲ್ಕು ಆಫ್, ಆಮೇಲೆ ಎರಡು, ಒಂದು. ನಾಲ್ಕೇ ಸುತ್ತಿನಲ್ಲಿ ಸಿಕ್ಕಿಬಿತ್ತು: ಇಂಗ್ಲಿಷ್ ಸ್ಪೆಲಿಂಗ್ ತಿದ್ದುವ ಇನ್ನೊಂದು ಪ್ಲಗಿನ್. ಇಬ್ಬರಿಗೂ ಅದೇ ಬರೆಯುವ ಚೌಕದ ಮೇಲೆ ಕಣ್ಣು. ಟೈಪಿಂಗ್‌ನದು ಅಕ್ಷರ ಬದಲಿಸಿದರೆ ಸ್ಪೆಲಿಂಗ್‌ನದು ಪರೀಕ್ಷೆ ಮಾಡುತ್ತದೆ. ಸ್ಪೆಲಿಂಗ್‌ನದು ಕೆಂಪು ಗೆರೆ ಎಳೆದರೆ ಚೌಕ ಬದಲಾಯಿತು ಅಂತ ಟೈಪಿಂಗ್‌ನದು ಮತ್ತೆ ಏಳುತ್ತದೆ. ಅತ್ತೆ-ಸೊಸೆ ಜಗಳದ ಹಾಗೆ, ಮುಗಿಯುವುದೇ ಇಲ್ಲ ಅಲ್ವಾ! ಕೊನೆಗೆ ಟೈಪಿಂಗ್‌ನದು ಸುಸ್ತಾಗಿ ಬೀಳುತ್ತಿತ್ತು. ಸ್ಪೆಲಿಂಗ್‌ದನ್ನು ಆಫ್ ಮಾಡಿದೆ, ಅಷ್ಟೇ.

ಒಂಟಿಯಾಗಿ ಬಿಟ್ಟರೂ ಕ್ರ್ಯಾಶ್ ಆದರೆ? ಕ್ರೋಮ್‌ನಲ್ಲಿ ಹೊಸ ಪ್ರೊಫೈಲ್ (ಹಳೇ ಸೆಟ್ಟಿಂಗ್, ಪ್ಲಗಿನ್ ಯಾವುದೂ ಇಲ್ಲದ ಬೇರೆ ಖಾತೆಯ ಹಾಗೆ) ಮಾಡಿ, ಅದರಲ್ಲಿ ಟೈಪಿಂಗ್ ಪ್ಲಗಿನ್ ಹಾಕಿ ನೋಡಿ. ಅಲ್ಲೂ ಬಿದ್ದರೆ ವೆಬ್ ಸ್ಟೋರಿನಲ್ಲಿ ಕೊನೆಯ ಅಪ್‌ಡೇಟ್ ಯಾವಾಗ ಅಂತ ನೋಡಿ. ವರ್ಷಗಟ್ಟಲೆ ಯಾರೂ ಮುಟ್ಟಿಲ್ಲದಿದ್ದರೆ ಬಿಟ್ಟುಬಿಡಿ.

ನಿಮ್ಮದು ವಿಂಡೋಸ್ ಆದರೆ ಟೈಪಿಂಗಿಗೆ ಪ್ಲಗಿನ್ ಬೇಕೇ ಬೇಕು ಅಂತಿಲ್ಲ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ (ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದ ಹಾಗೆ ಹೊಡೆದರೆ ಕನ್ನಡ ಮೂಡುವಂಥದ್ದು) ಇದೆ. ಲ್ಯಾಂಗ್ವೇಜ್ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿ, ಅದರೊಳಗೆ ಆ ಕೀಬೋರ್ಡ್ ಸೇರಿಸಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಈ ಉತ್ತರ ಟೈಪ್ ಮಾಡಿದ್ದೂ ಅದರಲ್ಲೇ.