ಪಾಂಕೊ: ದ್ವಿರುಕ್ತಿಯೇ?

ಪ್ರಶ್ನೆ: ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ಒಮ್ಮೆ ‘ಪಾಂಕೊ’ ಎಂದೂ ಇನ್ನೊಮ್ಮೆ ‘ಪಾಂಕೊ ಬ್ರೆಡ್‌ಕ್ರಂಬ್ಸ್’ ಎಂದೂ ಇರುತ್ತದೆ. ಯಾವುದು ಸರಿ?

ಉತ್ತರ: ಪಾಂಕೊ ಜಪಾನಿ ಪದ. ಇದರಲ್ಲಿರುವ ‘ಪಾನ್’ ಎಂದರೆ ಬ್ರೆಡ್; 16ನೆಯ ಶತಮಾನದಲ್ಲಿ ಜಪಾನಿಗೆ ಬಂದಿಳಿದ ಪೋರ್ಚುಗೀಸರಿಂದ ಆ ಭಾಷೆ ಪಡೆದ ಮಾತದು. ‘ಕೊ’ ಎಂದರೆ ಹಿಟ್ಟು, ಪುಡಿ. ಬ್ರೆಡ್ಡೂ ಪುಡಿಯೂ ಪದದೊಳಗೇ ಅಡಗಿರುವುದರಿಂದ ಅದರ ಮುಂದೆ ‘ಬ್ರೆಡ್‌ಕ್ರಂಬ್ಸ್’ ಸೇರಿಸುವುದು, ವ್ಯುತ್ಪತ್ತಿಯ ಮಟ್ಟಿಗೆ, ನಾವು ‘ಗೇಟುಬಾಗಿಲು’ ಎಂದಂತೆಯೇ ಸರಿ. ಆದರೂ ಅದನ್ನು ತಪ್ಪೆನ್ನಲಾರೆ. ಏಕೆಂದರೆ ಇಂಗ್ಲಿಷಿನಲ್ಲಿ ಪಾಂಕೊ ಎಂದರೆ ಯಾವುದೋ ಒಂದು ಬ್ರೆಡ್ ಪುಡಿಯಲ್ಲ, ನುಣುಪಾಗಿ ಪುಡಿಯಾಗದೆ ಹಗುರವಾದ ಚಕ್ಕೆಗಳಂತೆ ಉಳಿದು, ಕರಿದಾಗ ಗರಿಗರಿಯಾಗುವ ಬಗೆ ಮಾತ್ರ. ಅಲ್ಲಿ ಅದು ಸಕ್ಕರೆಯಂತೆ ಎಣಿಕೆಗೆ ಸಿಗದ ನಾಮಪದವಾದ್ದರಿಂದ ಬಹುವಚನ ಪ್ರತ್ಯಯ ಬೇಕಿಲ್ಲ.