ಗಂಟು ಗಟ್ಟಿ ಯಾಕೆ?

ಪ್ರಶ್ನೆ: ನಮ್ಮಕ್ಕನ ಎದೆಯ ಗಂಟು ಹುಣಸೆಬೀಜದಷ್ಟು ಗಟ್ಟಿಯಿತ್ತು, ಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಬಂತು. ಕ್ಯಾನ್ಸರ್ ಕೋಶವೇ ಅಷ್ಟು ಗಟ್ಟಿನಾ ಡಾಕ್ಟ್ರೇ?
– ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸದವರು, ಶಿಡ್ಲಘಟ್ಟ

ಉತ್ತರ: ಇಲ್ಲಮ್ಮ, ಕೋಶ ಮೆತ್ತಗೇ ಇರುತ್ತೆ. ಗಟ್ಟಿಯಾಗೋದು ಅದರ ಸುತ್ತಲಿನ ಕೊಲಾಜೆನ್ ಅನ್ನೋ ಪ್ರೋಟೀನ್ ನಾರು. ರೇಷ್ಮೆಗೂಡಲ್ಲಿ ಎಳೆಗಳನ್ನು ಸೆರಿಸಿನ್ ಅಂಟು ಹಿಡಿದಿರುತ್ತಲ್ಲ, ಕುದಿನೀರಿಗೆ ಹಾಕಿದರೆ ಸಡಿಲವಾಗುತ್ತೆ, ನಿಮಗೆ ನಾನು ಹೇಳಬೇಕೆ! ಇಲ್ಲಿ ಹಾಗಲ್ಲ, ಲೈಸಿಲ್ ಆಕ್ಸಿಡೇಸ್ ಅನ್ನೋ ಕಿಣ್ವ ನಾರಿಗೆ ನಾರು ಬೆಸೆದುಬಿಡುತ್ತೆ. ಆ ಬಿಗಿಯನ್ನು ಕೋಶದ ಮೈಮೇಲಿನ ಇಂಟೆಗ್ರಿನ್ ಅನ್ನೋ ಪ್ರೋಟೀನ್‌ಗಳು ತಡವಿ ನೋಡಿ ಒಳಕ್ಕೆ ಸುದ್ದಿ ಮುಟ್ಟಿಸುತ್ತವೆ: ಬೆಳಿ, ಜಾಗ ಬಿಟ್ಟು ಹೊರಡು. ಹೊರಡೋಕೆ ದಾರಿ? ಎಂಎಂಪಿ ಅನ್ನೋ ಕಿಣ್ವಗಳು ಅದೇ ನಾರನ್ನು ಕತ್ತರಿಸಿಕೊಡುತ್ತವೆ. ಕಟ್ಟೋದೂ ಕೆಡವೋದೂ ಒಟ್ಟಿಗೇ, ವಿಚಿತ್ರ ಸಂಸಾರ!

ಹೋದ ಕಡೆಯೆಲ್ಲ ಕ್ಯಾನ್ಸರ್ ಕೋಶ ಬೇರು ಬಿಡುತ್ತೆ ಅಂತಲೂ ಇಲ್ಲ. ಲಂಡನ್ನಿನ ವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ 735 ಸ್ತನ ಕ್ಯಾನ್ಸರ್ ಸಾವುಗಳ ದಾಖಲೆ ನೋಡಿ, ಬೀಜಕ್ಕೆ ಒಗ್ಗುವ ಮಣ್ಣು ಬೇಕಾದ ಹಾಗೆ ಈ ಕೋಶಕ್ಕೂ ಒಗ್ಗುವ ಅಂಗ ಬೇಕು ಅಂದಿದ್ದ.

ಅಂದಹಾಗೆ, ಗಟ್ಟಿ ಗಂಟೆಲ್ಲ ಕ್ಯಾನ್ಸರಲ್ಲ. ಮೆತ್ತಗಿದೆ ಅಂತ ಸುಮ್ಮನಿರೋದೂ ಬೇಡ. ನೀವೂ ಒಮ್ಮೆ ತೋರಿಸಿಕೊಳ್ಳಿ.